ಸಣ್ಣ ವ್ಯಾಪಾರಕ್ಕೆ ಸಿಆರ್‌ಎಂ: ಮೊದಲು ನೆನಪು, ಆಮೇಲೆ ಮಾತು

ಎನ್‌ಕ್ವೈರಿ ಬಂತು, ಕೊಟೇಶನ್ ಹೋಯಿತು, ಆಮೇಲೆ ಎರಡೂ ಕಡೆ ಸದ್ದಿಲ್ಲ. ಮೂರು ವಾರ ಕಳೆದು ಯಾರಿಗೋ ನೆನಪಾಗಿ ಫೋನ್ ಮಾಡಿದರೆ ಗಿರಾಕಿ ಬೇರೆ ಕಡೆ ಕೊಂಡಾಗಿರುತ್ತದೆ. ಬೆಲೆ ಹೆಚ್ಚಾಗಿ ಹೋದ ಆರ್ಡರ್ ಅಲ್ಲ ಇದು, ವಿಚಾರಿಸುವವರಿಲ್ಲದೆ ಹೋದದ್ದು. ಯಾರು ಯಾವತ್ತು ಮತ್ತೆ ಮಾತಾಡಬೇಕಿತ್ತು ಎಂಬುದು ಒಬ್ಬರ ಡೈರಿಯಲ್ಲಿತ್ತು, ಇನ್ನೊಬ್ಬರ ವಾಟ್ಸಾಪ್‌ನಲ್ಲಿತ್ತು, ಉಳಿದದ್ದು ಮಾಲೀಕರ ತಲೆಯಲ್ಲಿತ್ತು.

ಈ ನೆನಪನ್ನು ಒಂದೇ ಕಡೆ ಕೂಡಿಡುವುದು ಸಿಆರ್‌ಎಂ (ಕಸ್ಟಮರ್ ರಿಲೇಶನ್‌ಶಿಪ್ ಮ್ಯಾನೇಜ್‌ಮೆಂಟ್, ಅಂದರೆ ಗಿರಾಕಿ ಸಂಬಂಧ ನಿರ್ವಹಣೆ) ತಂತ್ರಾಂಶದ ಕೆಲಸ. ಆ ನೆನಪನ್ನು ನೋಡಿಕೊಂಡು ಸರಿಯಾದ ಹೊತ್ತಿಗೆ ತಾನಾಗಿ ಸಂದೇಶ ಕಳಿಸುವುದು ಮಾರ್ಕೆಟಿಂಗ್ ಆಟೊಮೇಶನ್. ತುಂಬಾ ಜನ ಎರಡನೆಯದರಿಂದ ಶುರು ಮಾಡುತ್ತಾರೆ, ಏಕೆಂದರೆ ಡೆಮೊದಲ್ಲಿ ಕಣ್ಣಿಗೆ ಬೀಳುವುದು ಅದೇ. ನೆನಪು ಹರಕಲಾಗಿದ್ದರೆ ಮಾತೂ ತಪ್ಪಾಗುತ್ತದೆ. ನಿನ್ನೆ ತಾನೇ ಹಣ ಕಟ್ಟಿದವರಿಗೆ ‘ಇನ್ನೂ ಯೋಚಿಸುತ್ತಿದ್ದೀರಾ?’ ಎಂಬ ಮೇಲ್ ಹೋಗುತ್ತದೆ. ಆದ್ದರಿಂದ ಈ ಲೇಖನದ ಅರ್ಧಕ್ಕರ್ಧ ಭಾಗ ಸಂದೇಶ ಕಳಿಸುವ ಮೊದಲು ಮಾಡಬೇಕಾದ ಕೆಲಸದ ಬಗ್ಗೆಯೇ ಇದೆ.

ವಿವರಣೆಗೆ ಒಂದು ಮಾದರಿ ಸಂಸ್ಥೆ ಇಟ್ಟುಕೊಳ್ಳೋಣ: ನೀರು ಶುದ್ಧೀಕರಣ ಯಂತ್ರ ಮಾರಿ, ಅಳವಡಿಸಿ, ಸರ್ವಿಸ್ ಮಾಡುವ ಆರು ಜನರ ತಂಡ. ನಿಮ್ಮದು ಟ್ಯೂಷನ್ ಕೇಂದ್ರವಿರಲಿ, ಪ್ರಿಂಟಿಂಗ್ ಪ್ರೆಸ್ ಇರಲಿ, ಹಂತಗಳ ಹೆಸರು ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ.

ತಂತ್ರಾಂಶಕ್ಕಿಂತ ಮೊದಲು ಒಂದು ಹಾಳೆ

ಕೊನೆಯ 20 ಎನ್‌ಕ್ವೈರಿಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದಕ್ಕೂ ನಾಲ್ಕು ವಿಷಯ ಸಾಕು: ಎಲ್ಲಿಂದ ಬಂತು, ಮೊದಲ ಉತ್ತರ ಕೊಡಲು ಎಷ್ಟು ಹೊತ್ತಾಯಿತು, ಎಲ್ಲಿಯವರೆಗೆ ಹೋಯಿತು, ಎಲ್ಲಿ ನಿಂತಿತು. ಹತ್ತು ಎನ್‌ಕ್ವೈರಿ ಬರೆಯುವಷ್ಟರಲ್ಲಿ ಸೋರುವ ಜಾಗ ಕಾಣತೊಡಗುತ್ತದೆ. ಕೊಟೇಶನ್ ಆದಮೇಲೆ ನಿಲ್ಲುತ್ತಿದೆಯೋ, ಮೊದಲ ಫೋನೇ ತಡವಾಗುತ್ತಿದೆಯೋ, ಹಳೆಯ ಗಿರಾಕಿಗಳು ಸರ್ವಿಸ್‌ಗೆ ಮರಳುತ್ತಿಲ್ಲವೋ ನೋಡಿ. ಆ ಒಂದು ಜಾಗವನ್ನು ಗುರುತು ಹಾಕಿಕೊಳ್ಳಿ, ಮೊದಲ ಆಟೊಮೇಶನ್ ಅಲ್ಲಿಗೇ ಬರಬೇಕು. 20 ಎನ್‌ಕ್ವೈರಿಗಳ ವಿವರ ಹುಡುಕಲೂ ಆಗಲಿಲ್ಲವೆಂದರೆ, ಸಿಆರ್‌ಎಂ ಬೇಕೇ ಬೇಡವೇ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು.

ಆಯ್ಕೆ

ಹಬ್‌ಸ್ಪಾಟ್, ಜೋಹೊ ಸಿಆರ್‌ಎಂ, ಪೈಪ್‌ಡ್ರೈವ್, ಬ್ರೆವೊ, ಆ್ಯಕ್ಟಿವ್‌ಕ್ಯಾಂಪೇನ್ ಎಲ್ಲವೂ ಸಣ್ಣ ಸಂಸ್ಥೆಗಳು ಬಳಸುವಂಥವು. ಸ್ವಂತ ಸರ್ವರ್ ನೋಡಿಕೊಳ್ಳುವವರು ತಂಡದಲ್ಲಿದ್ದರೆ ಮುಕ್ತ ತಂತ್ರಾಂಶಗಳಾದ ಸೂಟ್‌ಸಿಆರ್‌ಎಂ, ಎಸ್ಪೊಸಿಆರ್‌ಎಂ, ಆಟೊಮೇಶನ್‌ಗೆ ಮೌಟಿಕ್ ಇವೆ. ಯಾರೂ ಇಲ್ಲದಿದ್ದರೆ ಆ ಕಡೆ ಹೋಗಬೇಡಿ. ಬ್ಯಾಕಪ್ ಮತ್ತು ಭದ್ರತಾ ಅಪ್‌ಡೇಟ್ ತಪ್ಪಿದ ಸರ್ವರ್‌ನಲ್ಲಿ ಗಿರಾಕಿಗಳ ಫೋನ್ ನಂಬರ್ ಇಡುವುದು ದೊಡ್ಡ ಅಪಾಯ.

ಸೌಲಭ್ಯಗಳ ಪಟ್ಟಿ ಹೋಲಿಸುತ್ತ ಕೂರುವ ಬದಲು ಟ್ರಯಲ್ ಖಾತೆಯಲ್ಲಿ ಈ ಪರೀಕ್ಷೆಗಳನ್ನು ಮಾಡಿ. ಮೊಬೈಲ್ ಆ್ಯಪ್‌ನಲ್ಲಿ ಒಂದು ಹೊಸ ಎನ್‌ಕ್ವೈರಿ ಸೇರಿಸಲು ಎಷ್ಟು ಹೊತ್ತು ಬೇಕು? ಒಂದು ನಿಮಿಷ ಮೀರಿದರೆ ಹೊರಗೆ ಓಡಾಡುವ ಹುಡುಗರು ಅದನ್ನು ಬಳಸುವುದಿಲ್ಲ. ಗಿರಾಕಿಗಳು, ಡೀಲ್‌ಗಳು (ನಡೆಯುತ್ತಿರುವ ಒಂದೊಂದು ವ್ಯಾಪಾರ), ಮಾತುಕತೆಯ ಟಿಪ್ಪಣಿಗಳು ಮೂರನ್ನೂ ನೀವೇ ಹೊರತೆಗೆದುಕೊಳ್ಳಬಹುದೇ? ಕೆಲವೆಡೆ ಹೆಸರು-ನಂಬರ್ ಸುಲಭವಾಗಿ ಹೊರಬರುತ್ತವೆ, ಟಿಪ್ಪಣಿಗಳು ಬರುವುದಿಲ್ಲ. ಶುಲ್ಕ ಬಳಕೆದಾರರ ಲೆಕ್ಕದಲ್ಲೋ ಗಿರಾಕಿ ದಾಖಲೆಗಳ ಲೆಕ್ಕದಲ್ಲೋ? ದಾಖಲೆಗಳ ಲೆಕ್ಕವಾದರೆ, ‘ಇನ್ನು ಕಳಿಸಬೇಡಿ’ ಎಂದವರನ್ನೂ ಎಣಿಸುತ್ತಾರೆಯೇ ಎಂದು ಕೇಳಿ. ಕೆಲವು ಸೇವೆಗಳು ಎಣಿಸುತ್ತವೆ. ಕೊನೆಗೆ, ಕನ್ನಡದಲ್ಲಿ ಒಂದು ಮೇಲ್ ಬರೆದು ನಿಮಗೇ ಕಳಿಸಿಕೊಂಡು ವಿಷಯದ ಸಾಲು, ಒತ್ತಕ್ಷರ ಸರಿಯಾಗಿ ಕಾಣುತ್ತವೆಯೇ ನೋಡಿ.

ಸಿಆರ್‌ಎಂ ಮತ್ತು ಮೇಲ್ ಕಳಿಸುವ ಭಾಗ ಎರಡೂ ಒಂದೇ ತಂತ್ರಾಂಶದಲ್ಲಿದ್ದರೆ ಸಣ್ಣ ತಂಡಕ್ಕೆ ಒಳ್ಳೆಯದು. ಬೇರೆ ಬೇರೆ ಇಟ್ಟು ಜೋಡಿಸಿದರೆ, ಆ ಜೋಡಣೆ ಕೆಟ್ಟ ದಿನ ಯಾರಿಗೂ ಗೊತ್ತಾಗುವುದಿಲ್ಲ.

ಹಂತಗಳು ಮತ್ತು ಕಾಲಂಗಳು

ಡೀಲ್ ಸಾಗುವ ಹಂತಗಳು ಐದಾರು ಇದ್ದರೆ ಸಾಕು. ನಮ್ಮ ಮಾದರಿ ಸಂಸ್ಥೆಗೆ: ಹೊಸ ಎನ್‌ಕ್ವೈರಿ, ಮಾತಾಡಿದ್ದಾಯಿತು, ನೀರು ಪರೀಕ್ಷೆ ಆಯಿತು, ಕೊಟೇಶನ್ ಹೋಯಿತು, ಆರ್ಡರ್ ಬಂತು, ಕೈತಪ್ಪಿತು. ಪ್ರತಿ ಹಂತವೂ ನಡೆದುಹೋದ ಒಂದು ಘಟನೆ ಎಂಬುದನ್ನು ಗಮನಿಸಿ. ‘ಆಸಕ್ತಿ ಇದೆ’, ‘ಬಿಸಿ ಗಿರಾಕಿ’ ಎಂಬಂಥ ಹಂತ ಮಾಡಿದರೆ ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ತುಂಬುತ್ತಾರೆ, ತಿಂಗಳ ಕೊನೆಯ ವರದಿಗೆ ಅರ್ಥ ಉಳಿಯುವುದಿಲ್ಲ. ಕೊಟೇಶನ್ ಹೋಗಿದೆಯೋ ಇಲ್ಲವೋ ಎಂಬುದರಲ್ಲಿ ಮಾತ್ರ ಎರಡು ಅಭಿಪ್ರಾಯ ಇರಲಾರದು.

‘ಕೈತಪ್ಪಿತು’ ಎಂದು ಹಾಕುವಾಗ ಕಾರಣ ಆರಿಸುವುದು ಕಡ್ಡಾಯವಾಗಿರಲಿ. ಬೆಲೆ, ಬೇರೆಯವರಲ್ಲಿ ಕೊಂಡರು, ಈಗ ಬೇಡ ಅಂದರು, ಸಂಪರ್ಕಕ್ಕೇ ಸಿಗಲಿಲ್ಲ, ನಮ್ಮಲ್ಲಿ ಆ ಮಾದರಿ ಇಲ್ಲ: ಇಷ್ಟು ಆಯ್ಕೆ ಸಾಕು. ಇವುಗಳಲ್ಲಿ ‘ಈಗ ಬೇಡ’ ಎಂಬುದು ಚಿನ್ನ. ಅದನ್ನು ಆರಿಸಿದಾಗ ‘ಮತ್ತೆ ಯಾವಾಗ’ ಎಂಬ ದಿನಾಂಕವನ್ನೂ ತಂತ್ರಾಂಶ ಕೇಳುವಂತೆ ಮಾಡಿ.

ಗಿರಾಕಿ ದಾಖಲೆಯಲ್ಲಿ ನೀವು ಸೇರಿಸುವ ಕಾಲಂಗಳು ಶುರುವಿಗೆ ಹತ್ತು ದಾಟದಿರಲಿ. ಮಾದರಿ, ಅಳವಡಿಸಿದ ದಿನ, ಕೊನೆಯ ಸರ್ವಿಸ್, ಮುಂದಿನ ಫಿಲ್ಟರ್ ಬದಲಾವಣೆ, ಎಲ್ಲಿಂದ ಬಂದರು, ಯಾವ ಭಾಷೆ ಬೇಕು, ಸಂದೇಶಕ್ಕೆ ಒಪ್ಪಿಗೆ ಇದೆಯೇ, ಒಪ್ಪಿಗೆ ಕೊಟ್ಟ ದಿನ. ಆರಿಸುವ ಪಟ್ಟಿ ಮಾಡಬಹುದಾದ ಕಡೆ ಟೈಪ್ ಮಾಡುವ ಖಾನೆ ಇಡಬೇಡಿ. ‘ಫೇಸ್‌ಬುಕ್’, ‘ಎಫ್‌ಬಿ’, ‘ಫೇಸ್ ಬುಕ್’ ಮೂರೂ ತಂತ್ರಾಂಶಕ್ಕೆ ಮೂರು ಬೇರೆ ಮೂಲಗಳು. ಪಟ್ಟಿಯಲ್ಲಿ ‘ಗೊತ್ತಿಲ್ಲ’ ಎಂಬ ಆಯ್ಕೆಯೂ ಇರಲಿ, ಇಲ್ಲವಾದರೆ ಅವಸರದಲ್ಲಿದ್ದವರು ಮೊದಲು ಕಂಡದ್ದನ್ನು ಒತ್ತುತ್ತಾರೆ.

ಹಳೆಯ ಪಟ್ಟಿಯನ್ನು ಒಳತರುವುದು

ಇಡೀ ಕೆಲಸದಲ್ಲಿ ಅತಿ ಹೆಚ್ಚು ಎಡವುವುದು ಇಲ್ಲೇ. ಎರಡು ದಿನ ಹಿಡಿದರೂ ಪರವಾಗಿಲ್ಲ, ಅವಸರ ಬೇಡ.

ಮೊದಲು ಫೋನ್ ನಂಬರ್. ದೇಶದ ಕೋಡ್ ಸೇರಿಸಿ, ಪ್ಲಸ್ ಚಿಹ್ನೆಯಿಂದ ಶುರು ಮಾಡಿ, ನಡುವೆ ಜಾಗ-ಗೆರೆ ಏನೂ ಇಲ್ಲದೆ ಬರೆಯುವುದು ಅಂತರರಾಷ್ಟ್ರೀಯ ರೂಪ. ಇದರಲ್ಲಿ ಹೆಚ್ಚೆಂದರೆ 15 ಅಂಕಿ ಇರಬಹುದು. ಎಲ್ಲ ನಂಬರನ್ನೂ ಈ ಒಂದೇ ರೂಪಕ್ಕೆ ತನ್ನಿ. ಎಕ್ಸೆಲ್‌ನಲ್ಲಿ ಸಿಎಸ್‌ವಿ ಕಡತವನ್ನು (ಅಲ್ಪವಿರಾಮದಿಂದ ಕಾಲಂಗಳನ್ನು ಬೇರ್ಪಡಿಸಿದ ಸರಳ ಪಠ್ಯ ಕಡತ) ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ತೆರೆದರೆ ಶುರುವಿನ ಸೊನ್ನೆ ಮತ್ತು ಪ್ಲಸ್ ಹಾರಿಹೋಗುತ್ತವೆ, 12 ಅಂಕಿಯ ನಂಬರ್ ಘಾತ ರೂಪಕ್ಕೆ (9.19E+11 ಎಂಬಂತೆ) ತಿರುಗಿ ಮೊದಲ ಕೆಲವು ಅಂಕಿ ಮಾತ್ರ ಕಾಣುತ್ತದೆ. ಹಾಗೇ ಸೇವ್ ಮಾಡಿದಿರೋ, ಉಳಿದ ಅಂಕಿಗಳು ಶಾಶ್ವತವಾಗಿ ಹೋದವು. ಬದಲಿಗೆ ಡೇಟಾ ಮೆನುವಿನಿಂದ ಕಡತವನ್ನು ಆಮದು ಮಾಡಿ, ಫೋನ್ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ಗುರುತಿಸಿ.

ಎರಡನೆಯದು ಅಕ್ಷರ ಸಂಕೇತ. ಕನ್ನಡ ಹೆಸರು, ವಿಳಾಸ ಇರುವ ಹಾಳೆಯನ್ನು ಮಾಮೂಲು ಸಿಎಸ್‌ವಿ ಆಗಿ ಉಳಿಸಿದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ಕೂರುತ್ತವೆ. ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಎಂಬ ಆಯ್ಕೆಯನ್ನೇ ತೆಗೆದುಕೊಳ್ಳಿ.

ಮೂರನೆಯದು ದಿನಾಂಕ. 03/04 ಎಂದರೆ ಏಪ್ರಿಲ್ 3 ಅಥವಾ ಮಾರ್ಚ್ 4. ತಂತ್ರಾಂಶ ಯಾವುದೋ ಒಂದನ್ನು ಆರಿಸಿಕೊಂಡು ಸುಮ್ಮನಿರುತ್ತದೆ, ತಪ್ಪು ತೋರಿಸುವುದಿಲ್ಲ. ವರ್ಷ-ತಿಂಗಳು-ದಿನ ಕ್ರಮದಲ್ಲಿ, 2025-04-03 ಎಂದು ಬರೆದರೆ ಗೊಂದಲಕ್ಕೆ ಎಡೆಯಿಲ್ಲ.

ನಾಲ್ಕನೆಯದು ಜೋಡಿ ದಾಖಲೆಗಳು, ಅಂದರೆ ಒಬ್ಬರೇ ಗಿರಾಕಿ ಎರಡು ಸಲ ಸೇರಿರುವುದು. ಹೆಸರನ್ನು ನಂಬಿ ಜೋಡಿ ಹುಡುಕಬೇಡಿ. ಲಕ್ಷ್ಮಿ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬರು ಕೆಎಸ್‌ಎಚ್ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಎಕ್ಸ್ ಹಾಕಿ ಬರೆಯುತ್ತಾರೆ. ಸರಿಪಡಿಸಿದ ಫೋನ್ ನಂಬರೇ ಗಟ್ಟಿ ಗುರುತು. ಹಲವು ತಂತ್ರಾಂಶಗಳು ಇಮೇಲ್ ನೋಡಿ ಮಾತ್ರ ಜೋಡಿಯನ್ನು ಹಿಡಿಯುತ್ತವೆ. ಇಮೇಲ್ ಇಲ್ಲದ ಗಿರಾಕಿಗಳು ಪ್ರತಿ ಆಮದಿಗೂ ಹೊಸದಾಗಿ ಹುಟ್ಟಿಬಿಡುತ್ತಾರೆ. ಇದಕ್ಕೆ ಮದ್ದು ನಿಮ್ಮದೇ ಒಂದು ಗಿರಾಕಿ ಸಂಖ್ಯೆ. ಹಾಳೆಯಲ್ಲೇ ಪ್ರತಿಯೊಬ್ಬರಿಗೂ ಕೊಟ್ಟು, ಅದನ್ನು ಒಂದೇ ಸಂಖ್ಯೆ ಎರಡು ಸಲ ಬರಲಾಗದ (ಯುನೀಕ್) ಕಾಲಂ ಎಂದು ಗುರುತಿಸಿ.

ಐದನೆಯದನ್ನು ಮರೆತರೆ ಮಾನ ಹೋಗುತ್ತದೆ. ಹಿಂದೆ ಬಳಸುತ್ತಿದ್ದ ಮೇಲ್ ಸೇವೆಯಲ್ಲಿ ‘ಇನ್ನು ಕಳಿಸಬೇಡಿ’ ಎಂದವರ ಪಟ್ಟಿಯನ್ನೂ ತಂದು, ಹೊಸದರಲ್ಲಿ ತಡೆಪಟ್ಟಿಗೆ ಮೊದಲು ಹಾಕಿ, ಆಮೇಲೆ ಉಳಿದವರನ್ನು ತನ್ನಿ.

ಇಷ್ಟಾದ ಮೇಲೆ ಹತ್ತೇ ಸಾಲುಗಳನ್ನು ಆಮದು ಮಾಡಿ ನೋಡಿ. ಆ ಹತ್ತರಲ್ಲಿ ಬೇಕೆಂದೇ ಕಷ್ಟದವುಗಳಿರಲಿ: ಕನ್ನಡ ಹೆಸರಿನದೊಂದು, ಇಮೇಲ್ ಇಲ್ಲದ್ದೊಂದು, ಎರಡು ಫೋನ್ ಇರುವುದೊಂದು, ವಿಳಾಸದಲ್ಲಿ ಅಲ್ಪವಿರಾಮ ಇರುವುದೊಂದು. ಸರಿಯಾಗಿ ಬಂದರೆ ಅಳಿಸಿ ಪೂರ್ತಿ ತನ್ನಿ. ಅದಕ್ಕೂ ಮೊದಲು ಎಲ್ಲ ಆಟೊಮೇಶನ್‌ಗಳು ಆಫ್ ಆಗಿವೆಯೇ ನೋಡಿ. ‘ಹೊಸ ದಾಖಲೆ ಸೇರಿದಾಗ ಸ್ವಾಗತ ಮೇಲ್ ಕಳಿಸು’ ಎಂಬ ಮಾದರಿ ಆಟೊಮೇಶನ್ ಚಾಲೂ ಇದ್ದರೆ, ಹತ್ತು ವರ್ಷದ ಹಳೆಯ ಗಿರಾಕಿಗಳಿಗೆಲ್ಲ ಒಂದೇ ಮಧ್ಯಾಹ್ನ ‘ನಮ್ಮ ಬಳಗಕ್ಕೆ ಸ್ವಾಗತ’ ಎಂದು ಹೋಗಿಬಿಡುತ್ತದೆ.

ಮೊದಲ ತಿಂಗಳು: ಒಂದೇ ನಿಯಮ

ಮೊದಲ ತಿಂಗಳು ಯಾವ ಸಂದೇಶವನ್ನೂ ತಾನಾಗಿ ಕಳಿಸಬೇಡಿ. ಒಂದೇ ನಿಯಮ ಪಾಲಿಸಿ: ತೆರೆದಿರುವ ಪ್ರತಿ ಡೀಲ್‌ಗೂ ಮುಂದಿನ ಕೆಲಸ, ಅದರ ದಿನಾಂಕ, ಅದನ್ನು ಮಾಡುವವರ ಹೆಸರು ಇರಬೇಕು. ಮೂರರಲ್ಲಿ ಒಂದು ಇಲ್ಲದ ಡೀಲ್‌ಗಳನ್ನು ತೋರಿಸುವ ಫಿಲ್ಟರ್ ಮಾಡಿ, ಬೆಳಗ್ಗೆ ಕೆಲಸ ಶುರುವಾಗುವ ಮೊದಲು ತೆರೆಯಿರಿ. ಆ ಪಟ್ಟಿ ಖಾಲಿ ಇರುವಂತೆ ನೋಡಿಕೊಳ್ಳುವುದೇ ತಿಂಗಳ ಗುರಿ.

ಫೋನ್ ಇಟ್ಟ ತಕ್ಷಣ ಎರಡು ಸಾಲು ಟಿಪ್ಪಣಿ ಬರೆಯುವುದು ಅಭ್ಯಾಸವಾಗಬೇಕು. ‘ಮಾತಾಡಿದೆ, ಆಸಕ್ತಿ ಇದೆ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ‘ಮನೆಯಲ್ಲಿ ಐದು ಜನ. ಬೋರ್‌ವೆಲ್ ನೀರು, ಬಿಳಿ ಕಲೆ ಕಟ್ಟುತ್ತದೆ. ಅಣ್ಣನನ್ನು ಕೇಳಿ ಹೇಳುತ್ತಾರೆ, ಗುರುವಾರ ಸಂಜೆ 5ರ ಮೇಲೆ ಕರೆ ಮಾಡಬೇಕು’ ಎಂದು ಬರೆದರೆ ತಂಡದ ಯಾರು ಬೇಕಾದರೂ ಆ ಮಾತನ್ನು ಮುಂದುವರಿಸಬಹುದು. ಮಾಲೀಕರೇ ಮೊದಲು ಹೀಗೆ ಬರೆಯಬೇಕು. ಅವರು ಬಾಯಲ್ಲೇ ಕೆಲಸ ಹೇಳುತ್ತ ಹೋದರೆ ಉಳಿದವರು ಎರಡನೇ ವಾರಕ್ಕೆ ಡೈರಿಗೆ ಮರಳುತ್ತಾರೆ.

ಮೇಲ್ ತಲುಪಬೇಕಾದರೆ

ಈ ತಿಂಗಳಲ್ಲೇ ಹಿನ್ನೆಲೆಯಲ್ಲಿ ಡೊಮೈನ್ (ಮೇಲ್ ವಿಳಾಸದಲ್ಲಿ @ ನಂತರ ಬರುವ ಹೆಸರು) ಸಿದ್ಧಪಡಿಸಿ. ಕಳಿಸುವ ವಿಳಾಸ ನಿಮ್ಮದೇ ಡೊಮೈನ್‌ನದಾಗಿರಬೇಕು. ಉಚಿತ ಜಿಮೇಲ್ ವಿಳಾಸವನ್ನು ‘ಇಂದ’ ಎಂಬಲ್ಲಿ ಹಾಕಿ ಬೇರೊಂದು ಸೇವೆಯ ಮೂಲಕ ಕಳಿಸಿದರೆ ದೃಢೀಕರಣ ಹೊಂದುವುದಿಲ್ಲ, ಮೇಲ್ ಸ್ಪ್ಯಾಮ್‌ಗೆ ಬೀಳುತ್ತದೆ ಅಥವಾ ವಾಪಸಾಗುತ್ತದೆ.

ಡೊಮೈನ್‌ನ ಡಿಎನ್‌ಎಸ್‌ನಲ್ಲಿ (ಡೊಮೈನ್‌ನ ವಿವರಗಳನ್ನು ಇಂಟರ್‌ನೆಟ್‌ಗೆ ತಿಳಿಸುವ ಪಟ್ಟಿ) ಮೂರು ದಾಖಲೆ ಬೇಕು. ಎಸ್‌ಪಿಎಫ್ ಎಂಬುದು ಯಾವ ಸರ್ವರ್‌ಗಳು ನಿಮ್ಮ ಪರವಾಗಿ ಕಳಿಸಬಹುದು ಎಂಬ ಪಟ್ಟಿ. ಡಿಕಿಮ್ ಪ್ರತಿ ಮೇಲ್‌ಗೂ ಹಾಕುವ ಡಿಜಿಟಲ್ ಸಹಿ. ಈ ಎರಡೂ ವಿಫಲವಾದರೆ ಆ ಮೇಲನ್ನು ಏನು ಮಾಡಬೇಕೆಂದು ಹೇಳುವುದು ಡಿಮಾರ್ಕ್. ಸಾಮಾನ್ಯ ತಪ್ಪು ಎಸ್‌ಪಿಎಫ್‌ನಲ್ಲಿ ಆಗುತ್ತದೆ. ಕಚೇರಿ ಮೇಲ್‌ಗೆ ಆಗಲೇ ಒಂದು ದಾಖಲೆ ಇರುತ್ತದೆ, ಹೊಸ ತಂತ್ರಾಂಶ ಕೊಟ್ಟದ್ದನ್ನು ಎರಡನೆಯದಾಗಿ ಸೇರಿಸುತ್ತಾರೆ. ಒಂದು ಡೊಮೈನ್‌ಗೆ ಒಂದೇ ಎಸ್‌ಪಿಎಫ್ ದಾಖಲೆ ಇರಬೇಕು. ಎರಡಿದ್ದರೆ ಎರಡೂ ಕೆಲಸ ಮಾಡುವುದಿಲ್ಲ, ದಿನನಿತ್ಯದ ಮೇಲ್‌ಗೂ ತೊಂದರೆಯಾಗುತ್ತದೆ. ಹೊಸ ಸೇವೆಯನ್ನು ಹಳೆಯ ಸಾಲಿನೊಳಗೇ ಸೇರಿಸಿ. ಆ ಒಂದು ಸಾಲನ್ನು ಪರಿಶೀಲಿಸುವಾಗ ನಡೆಯುವ ಡಿಎನ್‌ಎಸ್ ಹುಡುಕಾಟ 10 ಮೀರಬಾರದೆಂಬ ಮಿತಿಯೂ ಇದೆ, ಬಿಟ್ಟುಬಿಟ್ಟ ಹಳೆಯ ಸೇವೆಗಳನ್ನು ತೆಗೆದುಹಾಕಿ. ಡಿಮಾರ್ಕ್ ಅನ್ನು ಮೊದಲು ‘ನನ್’ (ಏನೂ ಮಾಡಬೇಡ) ನೀತಿಯಲ್ಲಿಟ್ಟು ಕೆಲವು ವಾರ ವರದಿ ನೋಡಿ. ನಿಮ್ಮ ಎಲ್ಲ ಮೇಲ್ ಪಾಸಾಗುತ್ತಿದೆ ಎಂದು ಖಚಿತವಾದ ಮೇಲೆ ‘ಕ್ವಾರಂಟೈನ್’ಗೆ (ಅನುಮಾನದ ಮೇಲನ್ನು ಸ್ಪ್ಯಾಮ್‌ಗೆ ಹಾಕು) ಏರಿಸಿ.

2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಎರಡೂ ಈ ವಿಷಯದಲ್ಲಿ ಬಿಗಿಯಾಗಿವೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಜಿಮೇಲ್ ಖಾತೆಗಳಿಗೆ ಕಳಿಸುವವರಿಗೆ ಮೂರೂ ದಾಖಲೆ ಕಡ್ಡಾಯ, ಪ್ರಚಾರ ಮೇಲ್‌ಗಳಲ್ಲಿ ಒಂದೇ ಒತ್ತಿಗೆ ಹೊರಹೋಗುವ ಸೌಲಭ್ಯ ಕಡ್ಡಾಯ. ಸ್ಪ್ಯಾಮ್ ಎಂದು ಒತ್ತುವವರ ಪ್ರಮಾಣ ಶೇ 0.3 ಮುಟ್ಟಬಾರದು, ಶೇ 0.1ಕ್ಕಿಂತ ಕೆಳಗಿದ್ದರೆ ಕ್ಷೇಮ. ಸಾವಿರ ಜನರಿಗೆ ಕಳಿಸಿದಾಗ ಮೂವರು ಸಿಟ್ಟಿನಿಂದ ಸ್ಪ್ಯಾಮ್ ಒತ್ತಿದರೆ ಶೇ 0.3 ಆಯಿತು! ನೀವು ಕಳಿಸುವುದು ಇನ್ನೂರೇ ಇರಬಹುದು, ಆದರೂ ಇದೇ ಅಳತೆಗೆ ಸಿದ್ಧರಾಗಿ. ಆದ್ದರಿಂದ ‘ಇನ್ನು ಬೇಡ’ ಎಂಬ ಕೊಂಡಿಯನ್ನು ಸಣ್ಣ ಅಕ್ಷರದಲ್ಲಿ ಬಚ್ಚಿಡಬೇಡಿ. ಅದು ಸಿಗದವರು ಒತ್ತುವುದು ಸ್ಪ್ಯಾಮ್ ಗುಂಡಿಯನ್ನೇ.

ಹೊಸ ಡೊಮೈನ್‌ನಿಂದ ಮೊದಲ ದಿನವೇ ಇಡೀ ಪಟ್ಟಿಗೆ ಕಳಿಸಬೇಡಿ. ಇತ್ತೀಚೆಗೆ ವ್ಯವಹಾರ ಮಾಡಿದ 50 ಜನರಿಂದ ಶುರು ಮಾಡಿ, ಕೆಲವು ದಿನಕ್ಕೊಮ್ಮೆ ಹೆಚ್ಚಿಸುತ್ತ ಹೋಗಿ. ವಿಳಾಸವೇ ಇಲ್ಲವೆಂದು ವಾಪಸಾದವುಗಳನ್ನು ತಕ್ಷಣ ತಡೆಪಟ್ಟಿಗೆ ಹಾಕಿ. ಹಣ ಕೊಟ್ಟು ಕೊಂಡ ಪಟ್ಟಿಯನ್ನಂತೂ ಮುಟ್ಟಲೇಬೇಡಿ. ಅವುಗಳಲ್ಲಿ ಸ್ಪ್ಯಾಮ್ ಕಳಿಸುವವರನ್ನು ಹಿಡಿಯಲೆಂದೇ ಇಟ್ಟ ವಿಳಾಸಗಳಿರುತ್ತವೆ, ಒಂದು ಸಲ ಸಿಕ್ಕಿಬಿದ್ದರೆ ಡೊಮೈನ್‌ನ ಹೆಸರು ಸುಧಾರಿಸಲು ತಿಂಗಳುಗಳೇ ಬೇಕಾಗಬಹುದು.

ಒಪ್ಪಿಗೆಯ ಬಗ್ಗೆ ಒಂದು ಮಾತು. ಯಾರು, ಯಾವತ್ತು, ಯಾವ ಫಾರಂನಲ್ಲಿ, ಮೇಲ್‌ಗೋ ವಾಟ್ಸಾಪ್‌ಗೋ ಒಪ್ಪಿದರು ಎಂಬುದನ್ನು ದಾಖಲೆಯಲ್ಲಿಡಿ. 2018ರಿಂದ ಜಾರಿಯಲ್ಲಿರುವ ಯುರೋಪಿನ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಜಿಡಿಪಿಆರ್ ಪ್ರಕಾರ ಒಪ್ಪಿಗೆ ಇತ್ತೆಂದು ತೋರಿಸುವ ಹೊಣೆ ಕಳಿಸುವವರದು. ಬಿಲ್, ಸರ್ವಿಸ್ ಸಮಯ ತಿಳಿಸುವ ಸಂದೇಶ ಬೇರೆ, ಆಫರ್ ತಿಳಿಸುವುದು ಬೇರೆ. ಎರಡನ್ನೂ ಒಂದೇ ಮೇಲ್‌ನಲ್ಲಿ ಬೆರೆಸಬೇಡಿ.

ಮೊದಲ ಆಟೊಮೇಶನ್: ಕೊಟೇಶನ್ ನಂತರ

ಹಾಳೆಯಲ್ಲಿ ಗುರುತಿಸಿದ ಸೋರಿಕೆ ಕೊಟೇಶನ್ ನಂತರದ್ದು ಎಂದುಕೊಳ್ಳೋಣ. ಹೀಗೆ ಕಟ್ಟಿ.

ಡೀಲ್ ‘ಕೊಟೇಶನ್ ಹೋಯಿತು’ ಹಂತಕ್ಕೆ ಬಂದ ಕೂಡಲೇ ಇದು ಶುರುವಾಗಲಿ. ಮರುದಿನ ಬೆಳಗ್ಗೆ 10ಕ್ಕೆ ಒಂದು ಸಣ್ಣ ಮೇಲ್: ‘ನಮಸ್ಕಾರ. ನಿನ್ನೆ ಕಳಿಸಿದ ಕೊಟೇಶನ್ ತಲುಪಿದೆಯೇ? ಅಳವಡಿಸುವ ಜಾಗದ ಬಗ್ಗೆ ಏನಾದರೂ ಕೇಳಬೇಕೆನಿಸಿದರೆ ಈ ಮೇಲ್‌ಗೇ ಉತ್ತರಿಸಿ, ನಾನೇ ನೋಡುತ್ತೇನೆ.’ ಕೆಳಗೆ ಡೀಲ್ ನೋಡಿಕೊಳ್ಳುತ್ತಿರುವವರ ಹೆಸರು. ಮೂರನೇ ದಿನ ಅವರಿಗೇ ಫೋನ್ ಮಾಡುವ ಟಾಸ್ಕ್. ಆರನೇ ದಿನ, ಹಂತ ಇನ್ನೂ ಅದೇ ಇದ್ದರೆ, ಗಿರಾಕಿಗಳು ಪದೇ ಪದೇ ಕೇಳುವ ಒಂದೇ ಪ್ರಶ್ನೆಗೆ ಉತ್ತರವಿರುವ ಮೇಲ್: ಫಿಲ್ಟರ್ ಎಷ್ಟು ತಿಂಗಳಿಗೊಮ್ಮೆ ಬದಲಿಸಬೇಕು, ಯಾವ ನೀರಿಗೆ ಬೇಗ ಸವೆಯುತ್ತದೆ. ಹನ್ನೆರಡನೇ ದಿನ ಕೊನೆಯ ಫೋನ್‌ನ ಟಾಸ್ಕ್, ಅಂದೇ ಡೀಲ್ ಮುಂದಕ್ಕೆ ಹೋಗಬೇಕು ಇಲ್ಲವೇ ಕಾರಣ ಹಾಕಿ ಮುಚ್ಚಬೇಕು. ಎರಡು ಮೇಲ್, ಎರಡು ಫೋನ್, ಅಷ್ಟೇ.

ಕಟ್ಟುವುದಕ್ಕಿಂತ ಮುಖ್ಯ ನಿಲ್ಲಿಸುವುದು. ಹಂತ ಬದಲಾದರೆ ನಿಲ್ಲಬೇಕು, ಗಿರಾಕಿ ಉತ್ತರಿಸಿದರೆ ನಿಲ್ಲಬೇಕು, ದೂರು ತೆರೆದಿದ್ದರೆ ನಿಲ್ಲಬೇಕು, ‘ತಡೆಹಿಡಿ’ ಎಂದು ನಿಮ್ಮವರು ಟಿಕ್ ಮಾಡಿದರೆ ನಿಲ್ಲಬೇಕು. ಉತ್ತರ ಬಂದದ್ದು ತಂತ್ರಾಂಶಕ್ಕೆ ಗೊತ್ತಾಗಬೇಕಾದರೆ ಆ ಮೇಲ್‌ಬಾಕ್ಸ್ ಸಿಆರ್‌ಎಂಗೆ ಜೋಡಣೆಯಾಗಿರಬೇಕು. ‘ಉತ್ತರಿಸಬೇಡಿ’ ಮಾದರಿಯ ವಿಳಾಸದಿಂದ ಕಳಿಸಿದರೆ ಈ ದಾರಿಯೇ ಮುಚ್ಚಿಹೋಗುತ್ತದೆ. ಗಿರಾಕಿ ವಾಟ್ಸಾಪ್‌ನಲ್ಲೋ ಫೋನ್‌ನಲ್ಲೋ ಉತ್ತರ ಕೊಟ್ಟರೆ ತಂತ್ರಾಂಶಕ್ಕೆ ತಿಳಿಯುವುದಿಲ್ಲ. ಅದಕ್ಕೇ ಆ ಟಿಕ್ ಗುರುತು. ಷರತ್ತಿನ ಪರಿಶೀಲನೆಯನ್ನು ಶುರುವಿನಲ್ಲಿ ಒಮ್ಮೆ ಇಟ್ಟರೆ ಸಾಲದು, ಪ್ರತಿ ಮೇಲ್‌ಗೆ ತುಸು ಮುಂಚೆ, ಕಾಯುವ ಅವಧಿ ಮುಗಿದ ಮೇಲೆ ಇಡಿ.

ಹೆಸರು ತುಂಬಿಸುವಾಗ ಕನ್ನಡದ್ದೇ ಒಂದು ತೊಡಕಿದೆ. ಇಂಗ್ಲಿಷ್ ಮೇಲ್‌ನಲ್ಲಿ ಹೆಸರಿನ ಗುರುತನ್ನು ಎಲ್ಲಿ ಇಟ್ಟರೂ ವಾಕ್ಯ ಕೂರುತ್ತದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಹೆಸರಿಗೇ ಅಂಟುತ್ತದೆ: ರಮೇಶನಿಗೆ, ಲಕ್ಷ್ಮಿಗೆ, ಮಂಜುವಿಗೆ. ಹೆಸರಿನ ಗುರುತಿನ ಪಕ್ಕ ‘ನಿಗೆ’ ಎಂದು ಬರೆದಿಟ್ಟರೆ ಲಕ್ಷ್ಮಿನಿಗೆ ಎಂದು ಹೋಗುತ್ತದೆ. ಆದ್ದರಿಂದ ಹೆಸರಿನ ನಂತರ ಯಾವಾಗಲೂ ಬಿಡಿಯಾಗಿ ‘ಅವರೇ’ ಅಥವಾ ‘ಅವರಿಗೆ’ ಬರೆಯಿರಿ. ಮಾದರಿ, ದಿನಾಂಕ, ಮೊತ್ತಗಳನ್ನು ವಾಕ್ಯದೊಳಗೆ ಹೆಣೆಯದೆ ‘ಮಾದರಿ:’, ‘ದಿನಾಂಕ:’ ಎಂದು ಪ್ರತ್ಯೇಕ ಸಾಲಿನಲ್ಲಿ ಕೊಡಿ. ಹೆಸರಿನ ಖಾನೆ ಖಾಲಿ ಇದ್ದವರಿಗೆ ‘ನಮಸ್ಕಾರ ಅವರೇ’ ಎಂದು ಹೋಗದಂತೆ, ಖಾಲಿಯಿದ್ದರೆ ಬರಿ ‘ನಮಸ್ಕಾರ’ ಇರುವ ಪರ್ಯಾಯ ಸಾಲು ಇಡಿ. ಹೆಸರುಗಳು ಇಂಗ್ಲಿಷ್ ಲಿಪಿಯಲ್ಲಿ ತುಂಬಿದ್ದರೆ ಕನ್ನಡ ಮೇಲ್‌ನಲ್ಲಿ ಹೆಸರನ್ನೇ ಬಿಡುವುದು ಲೇಸು.

ಚಾಲೂ ಮಾಡುವ ಮೊದಲು ನಾಲ್ಕು ನಕಲಿ ಗಿರಾಕಿಗಳನ್ನು ಸೃಷ್ಟಿಸಿ. ಜಿಮೇಲ್ ಇದ್ದರೆ ವಿಳಾಸದಲ್ಲಿ ಹೆಸರಿನ ನಂತರ ಪ್ಲಸ್ ಹಾಕಿ ಒಂದೊಂದು ಪದ ಸೇರಿಸಿದರೆ ಎಲ್ಲವೂ ನಿಮ್ಮ ಒಂದೇ ಪೆಟ್ಟಿಗೆಗೆ ಬರುತ್ತವೆ. ಒಬ್ಬರು ಏನೂ ಮಾಡದವರು, ಒಬ್ಬರು ಉತ್ತರಿಸುವವರು, ಒಬ್ಬರು ನಡುವೆ ಆರ್ಡರ್ ಕೊಡುವವರು, ಒಬ್ಬರು ಹೆಸರಿಲ್ಲದವರು. ಕಾಯುವ ದಿನಗಳನ್ನು ನಿಮಿಷಗಳಿಗೆ ಇಳಿಸಿ ಓಡಿಸಿ. ನಾಲ್ವರೂ ಸರಿಯಾದ ಜಾಗದಲ್ಲಿ ನಿಂತರೆ ನಿಮಿಷಗಳನ್ನು ಮತ್ತೆ ದಿನಗಳಾಗಿಸಲು ಮರೆಯದಿರಿ. ಖಾತೆಯ ಸಮಯ ವಲಯವನ್ನೂ ನೋಡಿ, ಬೇರೆ ದೇಶದ್ದಿದ್ದರೆ ಬೆಳಗಿನ ಸಂದೇಶ ನಡುರಾತ್ರಿ ಹೋಗುತ್ತದೆ.

ಎರಡನೆಯದು: ದಿನಾಂಕ ನೋಡಿ ನಡೆಯುವುದು

ಮೊದಲನೆಯದು ಒಂದು ತಿಂಗಳು ತೊಂದರೆಯಿಲ್ಲದೆ ನಡೆದ ಮೇಲೆ ಸರ್ವಿಸ್ ನೆನಪೋಲೆಗೆ ಕೈಹಾಕಿ. ‘ಮುಂದಿನ ಫಿಲ್ಟರ್ ಬದಲಾವಣೆ’ ದಿನಾಂಕಕ್ಕೆ 15 ದಿನ ಮೊದಲು ಒಂದು, 3 ದಿನ ಮೊದಲು ಇನ್ನೊಂದು. ಸರ್ವಿಸ್ ಬುಕ್ ಆಗಿದ್ದರೆ ಎರಡನೆಯದು ಬೇಡ. ಹಳೆಯ ಗಿರಾಕಿಗಳಿಗೆ ಇದಕ್ಕಿಂತ ಬೇಕಾದ ಸಂದೇಶ ಇನ್ನೊಂದಿಲ್ಲ. ಆದರೆ ಇದು ಸದ್ದಿಲ್ಲದೆ ಸಾಯುವ ಆಟೊಮೇಶನ್. ಟೆಕ್ನಿಷಿಯನ್ ಸರ್ವಿಸ್ ಮುಗಿಸಿ ದಿನಾಂಕ ತುಂಬದಿದ್ದರೆ ಮುಂದಿನ ದಿನಾಂಕ ಹುಟ್ಟುವುದಿಲ್ಲ, ಸಂದೇಶ ಹೋಗುವುದಿಲ್ಲ, ಹೋಗಲಿಲ್ಲವೆಂದು ಯಾರೂ ಹೇಳುವುದೂ ಇಲ್ಲ. ಕೆಲಸ ಮುಚ್ಚುವಾಗ ಸರ್ವಿಸ್ ದಿನಾಂಕ ಕಡ್ಡಾಯ ಮಾಡಿ, ಮುಂದಿನ ದಿನಾಂಕವನ್ನು ತಂತ್ರಾಂಶವೇ ಲೆಕ್ಕ ಹಾಕಲಿ. ಮುಂದಿನ ದಿನಾಂಕ ಖಾಲಿ ಇರುವ ಅಥವಾ ಕಳೆದುಹೋಗಿರುವ ಗಿರಾಕಿಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ತೆರೆಯಿರಿ.

ಎಸ್‌ಎಂಎಸ್‌ನಲ್ಲಿ ಕಳಿಸುವುದಾದರೆ ಉದ್ದದ ಲೆಕ್ಕ ಗೊತ್ತಿರಲಿ. ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡ ಲಿಪಿಯಲ್ಲಿ 70 ಮಾತ್ರ. ಅದು ಮೀರಿದರೆ ಸಂದೇಶ ತುಂಡಾಗಿ ಪ್ರತಿ ತುಂಡಿಗೆ 67 ಆಗುತ್ತದೆ, ದುಡ್ಡು ತುಂಡಿನ ಲೆಕ್ಕದಲ್ಲಿ ಹೋಗುತ್ತದೆ. ಎಣಿಕೆಯೂ ನಮ್ಮ ಕಣ್ಣಿನ ಎಣಿಕೆಯಲ್ಲ. ‘ವಸ್ತ್ರ’ ನಮಗೆ ಎರಡಕ್ಷರ, ಯಂತ್ರಕ್ಕೆ ಆರು: ವ, ಸ, ಒತ್ತು ಕೂಡಿಸುವ ಚಿಹ್ನೆ (್), ತ, ಮತ್ತೊಂದು ಅದೇ ಚಿಹ್ನೆ, ರ. ಒತ್ತಕ್ಷರ ಕಡಿಮೆ ಇರುವ ಪದಗಳನ್ನು ಆರಿಸಿದರೆ ಒಂದು ತುಂಡು ಉಳಿಯುತ್ತದೆ. ವಾಟ್ಸಾಪ್‌ನ ವ್ಯಾಪಾರಿ ವೇದಿಕೆಯಲ್ಲಿ ನಿಯಮ ಬೇರೆ. ಗಿರಾಕಿ ಕೊನೆಯದಾಗಿ ಬರೆದ 24 ಗಂಟೆಯೊಳಗೆ ನೀವು ಏನು ಬೇಕಾದರೂ ಉತ್ತರಿಸಬಹುದು, ಆಮೇಲೆ ಮೊದಲೇ ಅನುಮೋದನೆ ಪಡೆದ ನಮೂನೆಯ ಸಂದೇಶ ಮಾತ್ರ ಹೋಗುತ್ತದೆ. ನೆನಪೋಲೆಯ ನಮೂನೆಯನ್ನು ಮುಂಚೆಯೇ ಅನುಮೋದನೆಗೆ ಕಳಿಸಿಡಿ.

ಆಟೊಮೇಶನ್ ಮೂರಾಗುತ್ತಿದ್ದಂತೆ ಒಂದಕ್ಕೊಂದು ತಾಗತೊಡಗುತ್ತವೆ. ಒಂದು ಹಂತ ಬದಲಿಸುತ್ತದೆ, ಆ ಬದಲಾವಣೆ ಇನ್ನೊಂದನ್ನು ಎಬ್ಬಿಸುತ್ತದೆ, ಅದು ಮತ್ತೆ ಮೊದಲನೆಯದನ್ನು. ಆಟೊಮೇಶನ್ ಟಾಸ್ಕ್ ಹುಟ್ಟಿಸಲಿ, ಸಂದೇಶ ಕಳಿಸಲಿ, ಡೀಲ್‌ನ ಹಂತವನ್ನು ಮಾತ್ರ ಮನುಷ್ಯರೇ ಬದಲಿಸಲಿ. ಈ ಒಂದು ಕಟ್ಟುಪಾಡು ಬಹುತೇಕ ಸುತ್ತುಗಳನ್ನು ತಪ್ಪಿಸುತ್ತದೆ. ಯಾರಿಗೂ ಏಳು ದಿನದಲ್ಲಿ ಒಂದಕ್ಕಿಂತ ಹೆಚ್ಚು ಪ್ರಚಾರ ಸಂದೇಶ ಹೋಗದಂತೆ ಮಿತಿ ಇಡಿ.

ಅಳೆಯುವುದು

ಮೇಲ್ ತೆರೆದವರ ಪ್ರಮಾಣವನ್ನು ನಂಬಬೇಡಿ. 2021ರಲ್ಲಿ ಐಒಎಸ್ 15ರ ಜೊತೆ ಬಂದ ಆ್ಯಪಲ್‌ನ ಗೋಪ್ಯತಾ ಸೌಲಭ್ಯ ಮೇಲ್‌ನೊಳಗಿನ ಚಿತ್ರಗಳನ್ನು ತಾನೇ ಮುಂಚಿತವಾಗಿ ತರಿಸಿಕೊಳ್ಳುತ್ತದೆ, ಯಾರೂ ಓದದಿದ್ದರೂ ತೆರೆದಂತೆ ಲೆಕ್ಕ ಬರುತ್ತದೆ. ಕೊಂಡಿ ಒತ್ತಿದ ಲೆಕ್ಕವೂ ಪೂರ್ತಿ ಶುದ್ಧವಲ್ಲ, ಕಂಪನಿಗಳ ಭದ್ರತಾ ತಂತ್ರಾಂಶಗಳು ಮೇಲ್ ಬಂದ ಕೂಡಲೇ ಎಲ್ಲ ಕೊಂಡಿಗಳನ್ನೂ ಒತ್ತಿ ನೋಡುತ್ತವೆ. ‘ಮೇಲ್ ತೆರೆದರೆ ಮುಂದಿನದನ್ನು ಕಳಿಸು’ ಎಂಬ ಷರತ್ತು ಈ ಕಾರಣಕ್ಕೇ ಕೆಲಸಕ್ಕೆ ಬಾರದು.

ನೋಡಬೇಕಾದವು ಬೇರೆ: ಹೊಸ ಎನ್‌ಕ್ವೈರಿಗೆ ಮೊದಲ ಉತ್ತರ ಕೊಡಲು ಹಿಡಿದ ಸಮಯ, ಎಷ್ಟು ಕೊಟೇಶನ್‌ಗೆ ಎಷ್ಟು ಆರ್ಡರ್, ಪ್ರತಿ ಹಂತದಲ್ಲಿ ಡೀಲ್ ಎಷ್ಟು ದಿನ ಕೂರುತ್ತದೆ, ದಿನಾಂಕ ಮೀರಿದ ಟಾಸ್ಕ್ ಎಷ್ಟು. ಸಣ್ಣ ಸಂಖ್ಯೆಗಳಿಂದ ದೊಡ್ಡ ತೀರ್ಮಾನಕ್ಕೆ ಹೋಗಬೇಡಿ. 40 ಕೊಟೇಶನ್‌ಗೆ 12 ಆರ್ಡರ್ ಬಂದರೆ ಶೇ 30, ಮುಂದಿನ ತಿಂಗಳು 14 ಬಂದರೆ ಶೇ 35. ಎರಡು ಆರ್ಡರ್‌ಗಳ ವ್ಯತ್ಯಾಸ ಸುಮ್ಮನೆ ಬಂದಿರಬಹುದು, ಮೂರ್ನಾಲ್ಕು ತಿಂಗಳು ಕೂಡಿಸಿ ನೋಡಿ. ಜಾಹೀರಾತು ಕೊಂಡಿಗಳಿಗೆ ಯುಟಿಎಂ ಗುರುತು (ಗಿರಾಕಿ ಎಲ್ಲಿಂದ ಬಂದರೆಂದು ತಿಳಿಸಲು ಕೊಂಡಿಯ ಕೊನೆಗೆ ಸೇರಿಸುವ ಪದಗಳು) ಹಾಕುವಾಗ ಎಲ್ಲವನ್ನೂ ಇಂಗ್ಲಿಷಿನ ಸಣ್ಣಕ್ಷರದಲ್ಲೇ ಬರೆಯಿರಿ. ದೊಡ್ಡಕ್ಷರದ್ದು, ಸಣ್ಣಕ್ಷರದ್ದು ವರದಿಯಲ್ಲಿ ಬೇರೆ ಬೇರೆ ಮೂಲಗಳಾಗುತ್ತವೆ. ಗಿರಾಕಿಗಳಿಗೆ ಅಂಕ ಕೊಡುವ ಲೀಡ್ ಸ್ಕೋರಿಂಗ್ ಬಗ್ಗೆ ಮಾರುವವರು ಬಹಳ ಹೇಳುತ್ತಾರೆ. ತಿಂಗಳಿಗೆ 50 ಎನ್‌ಕ್ವೈರಿ ಬರುವ ಕಡೆ ಎಲ್ಲರಿಗೂ ಫೋನ್ ಮಾಡಬಹುದು, ಸ್ಕೋರಿಂಗ್ ಬೇಕಿಲ್ಲ.

ಕೀಲಿ ಮತ್ತು ನಕಲು

ಪ್ರತಿಯೊಬ್ಬರಿಗೂ ಬೇರೆ ಲಾಗಿನ್, ಎರಡು ಹಂತದ ದೃಢೀಕರಣ. ಹಣ ಉಳಿಸಲು ಒಂದೇ ಲಾಗಿನ್ ಹಂಚಿಕೊಂಡರೆ ಯಾರು ಏನು ಬದಲಿಸಿದರು ಎಂಬ ಇತಿಹಾಸ ಅಲ್ಲಿಗೆ ಮುಗಿಯಿತು. ಪೂರ್ತಿ ಪಟ್ಟಿಯನ್ನು ಹೊರತೆಗೆಯುವ ಹಕ್ಕು ಇಬ್ಬರಿಗೆ ಮಾತ್ರ ಇರಲಿ. ಯಾರಾದರೂ ಕೆಲಸ ಬಿಡುವ ದಿನ ಕ್ರಮ ಹೀಗಿರಲಿ: ಮೊದಲು ಲಾಗಿನ್ ತಡೆಯಿರಿ, ಅವರ ತೆರೆದ ಡೀಲ್ ಮತ್ತು ಟಾಸ್ಕ್‌ಗಳನ್ನು ಇನ್ನೊಬ್ಬರ ಹೆಸರಿಗೆ ಮಾಡಿ, ಅವರ ಹೆಸರಿನಿಂದ ಹೋಗುತ್ತಿರುವ ಆಟೊಮೇಶನ್‌ಗಳನ್ನು ಬದಲಿಸಿ, ಕೊನೆಗೆ ಖಾತೆ ಅಳಿಸಿ. ಮೊದಲೇ ಅಳಿಸಿದರೆ ಕೆಲವು ತಂತ್ರಾಂಶಗಳಲ್ಲಿ ಅವರ ಡೀಲ್‌ಗಳು ದಿಕ್ಕಿಲ್ಲದೆ ಉಳಿಯುತ್ತವೆ.

ತಿಂಗಳ ಮೊದಲ ಸೋಮವಾರ ಗಿರಾಕಿ, ಡೀಲ್, ಟಿಪ್ಪಣಿ, ತಡೆಪಟ್ಟಿ ನಾಲ್ಕನ್ನೂ ಹೊರತೆಗೆದು, ಪಾಸ್‌ವರ್ಡ್ ಹಾಕಿ, ತಂತ್ರಾಂಶದ ಹೊರಗೆ ಇನ್ನೊಂದು ಜಾಗದಲ್ಲಿಡಿ. ವರ್ಷಕ್ಕೆರಡು ಸಲ ಆ ನಕಲಿನ ಹತ್ತು ಸಾಲುಗಳನ್ನು ಒಂದು ಖಾಲಿ ಟ್ರಯಲ್ ಖಾತೆಗೆ ಆಮದು ಮಾಡಿ, ಕನ್ನಡ ಹೆಸರು, ಫೋನ್ ನಂಬರ್, ಕೊನೆಯ ಸರ್ವಿಸ್ ದಿನಾಂಕ ಮೂರೂ ಇದ್ದ ಹಾಗೇ ಬಂದಿವೆಯೇ ಎಂದು ಮೂಲದ ಪಕ್ಕದಲ್ಲಿಟ್ಟು ತಾಳೆ ನೋಡಿ.